ಪುಟ್ಟಸ್ವಾಮಾಚಾರ್ರ ಕಿವಿಯೂ ಪಾಲಾದ ಸ್ಟೀರಿಯೋವೂ

ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ನಮ್ಮ ಸೀಮೆಯಲ್ಲಿ ಹೇಳಿಕೊಳ್ಳುವಂಥ ಯುದ್ಧ ನಡೆದದ್ದು ಒಂದೇ. ಅದು ಸಾವಿರದ ಒಂಬೈನೂರ ತೊಂಬತ್ತೈದನೇ ಇಸವಿಯಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಪಕ್ಕದ ಒಂದು ಊರಿನ ಒಂದು ಮನೆಯ ನಡುಮನೆಯಲ್ಲಿ ನಡೆಯಿತು. ಫಿರಂಗಿಗಳ ಬದಲು ಎರಡು ಸ್ಪೀಕರ್ ಡಬ್ಬಗಳಿದ್ದವು. ಸೇನಾಪತಿಗಳ ಬದಲು ಅಣ್ಣತಮ್ಮಂದಿರಿದ್ದರು. ಅದನ್ನು ಮುಗಿಸಿದವರು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ಬಡಗಿ ಪುಟ್ಟಸ್ವಾಮಾಚಾರ್ರು. ಅವರ ಆಯುಧಗಳು ಒಂದು ಹಿಡಿ ರಾಗಿ, ಒಂದು ಕ್ಯಾಸೆಟ್ಟು ಮತ್ತು ಕಾವಿ ಹತ್ತಿದ ಒಂದು ದಾರ. ರಥ ನನ್ನ ಸ್ಕೂಟರು. ಸಾರಥಿ ನಾನು. ಆದ್ದರಿಂದ ಈ ಕಥೆ ಹೇಳುವ ಹಕ್ಕು ನನ್ನದೇ.

ಆ ಕಾಲಕ್ಕೆ ನಾನು ಪೇಟೆಯ ಬಸ್ ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದೆ. ಅಂಗಡಿಯ ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಮುಚ್ಚದೆ ಹೋದಾಗ ಯಾರೋ ಆಚಾರ್ರನ್ನು ಕಳಿಸಿದರು. ತೆಳ್ಳಗಿನ ಆಳು, ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು, ಮೊಣಕಾಲಿನವರೆಗೆ ಮಡಿಸಿ ಕಟ್ಟಿದ ಪಂಚೆ. ಬಾಗಿಲು ಕಳಚಿ ಉಜ್ಜುಗೊರಡು ಎಳೆಯುತ್ತಿದ್ದವರು ಹಠಾತ್ತನೆ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು.

"ಮೋಹನಪ್ಪ, ನಿಮ್ ಬಲಗಡೆ ಡಬ್ಬದ ಬೆನ್ನಲಗೆ ಸೀಳ್ಬುಟ್ಟದೆ, ನೋಡ್ಕಳಿ."

ನಾನು ನಕ್ಕೆ. ಹಾಡುತ್ತಿದ್ದ ಆ ಸ್ಪೀಕರ್ ಡಬ್ಬ ಕೊಂಡು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ, ಬೆನ್ನು ಗೋಡೆಗೆ ಅಂಟಿಕೊಂಡಿತ್ತು. ಆಚಾರ್ರು ಇದ್ದದ್ದು ಅಂಗಡಿಯ ಆಚೆ, ಎರಡು ಬಸ್ಸುಗಳ ಹಾರನ್ನಿನ ನಡುವೆ. ಆದರೂ ಅವರ ಮುಖದ ಗಾಂಭೀರ್ಯ ನೋಡಿ ಡಬ್ಬ ತಿರುಗಿಸಿದೆ. ಬೆನ್ನುಹಲಗೆಯಲ್ಲಿ ಮೂಲೆಯಿಂದ ಮೂಲೆಗೆ ಕೂದಲೆಳೆಯಷ್ಟು ಬಿರುಕು. ಆಚಾರ್ರು ಏನೂ ಆಗದವರಂತೆ ಮತ್ತೆ ಉಜ್ಜುಗೊರಡಿಗೆ ಕೈಹಚ್ಚಿದರು.

ಆ ಕಿವಿ ಎಲ್ಲಿಂದ ಬಂತು ಎಂದು ಆಮೇಲೆ ತಿಳಿಯಿತು. ಅವರದು ಗಾಡಿ ಮಾಡುವ ಮನೆತನ. ಈಗಿನವರಿಗೆ ಗಾಡಿ ಎಂದರೆ ಟೈರು. ಮರದ ಚಕ್ರದ ಕಾಲದಲ್ಲಿ ಗಾಡಿಗೆ ದನಿ ಇತ್ತು. ಅಚ್ಚಿನ ತುದಿಯಲ್ಲಿ ಚಕ್ರಕ್ಕೆ ಬೆರಳಗಲದ ಸಡಿಲ ಬಿಟ್ಟಿದ್ದರೆ, ಹಳ್ಳದಿಣ್ಣೆಯ ದಾರಿಯಲ್ಲಿ ಚಕ್ರ ಒಳಕ್ಕೂ ಹೊರಕ್ಕೂ ಸರಿದು 'ಕಡಕ್' ಎಂದು ಬಡಿಯುತ್ತದೆ. ಸಡಿಲ ಹೆಚ್ಚಾದರೆ ತಗಡು ಬಡಿದ ಹಾಗೆ, ಕಡಿಮೆಯಾದರೆ ಕೆಮ್ಮಿದ ಹಾಗೆ. ಸರಿಯಾಗಿದ್ದರೆ ಎರಡು ಮೈಲಿ ದೂರದಿಂದಲೇ ಊರಿಗೆ ಗೊತ್ತು, ಬರುತ್ತಿರುವುದು ಯಾರ ಗಾಡಿ ಅಂತ. ಗೌಡರು ಗಾಡಿ ಕೊಳ್ಳಲು ಬಂದರೆ ಮೊದಲು ಮುಟ್ಟಿ ನೋಡುತ್ತಿರಲಿಲ್ಲ, ಓಡಿಸಿ ಕೇಳುತ್ತಿದ್ದರು. ಆಚಾರ್ರ ತಂದೆ ಮಗನನ್ನು ಕಣ್ಣು ಮುಚ್ಚಿಸಿ ರಸ್ತೆ ಬದಿ ಕೂರಿಸಿ, ಹೋದ ಗಾಡಿಯಲ್ಲಿ ಯಾವ ಚಕ್ರ ಕುಂಟುತ್ತಿದೆ ಎಂದು ಕೇಳುತ್ತಿದ್ದರಂತೆ. ತಪ್ಪು ಹೇಳಿದರೆ ಕಿವಿ ಹಿಂಡುತ್ತಿದ್ದರಂತೆ. ಹೀಗೆ ಹದಿನೈದು ವರ್ಷ ಹಿಂಡಿಸಿಕೊಂಡ ಕಿವಿ ಅದು.

ಆಮೇಲೆ ಟೈರು ಬಂತು. ಊರಿನ ಗಾಡಿಗಳೆಲ್ಲ ಬೆಕ್ಕಿನ ಹಾಗೆ ನಡೆಯತೊಡಗಿದವು. ಕೇಳಲು ಏನೂ ಉಳಿಯದ ಆಚಾರ್ರು ಬಾಗಿಲು, ಕಿಟಕಿ, ಮಂಚ ಎಂದು ದಿನ ನೂಕುತ್ತಿದ್ದಾಗಲೇ ಮನೆಮನೆಗೂ ಸ್ಟೀರಿಯೋ ಸೆಟ್ಟುಗಳು ನುಗ್ಗಿದವು. ಕಬ್ಬು ಕಡಿದು ಸಾಗಿಸಿದವರು, ರೇಷ್ಮೆಗೂಡು ಮಾರಿದವರು, ಮಗಳ ಮದುವೆ ಮುಗಿಸಿ ಉಸಿರುಬಿಟ್ಟವರು ಎಲ್ಲರೂ ಮೈಸೂರಿಗೆ ಹೋಗಿ ಎರಡು ದೊಡ್ಡ ಡಬ್ಬಗಳ ಜೊತೆ ವಾಪಸಾಗುತ್ತಿದ್ದರು. ತಂದ ಮೇಲೆ ಪ್ರತಿಯೊಬ್ಬರಿಗೂ ಒಂದೇ ಅನುಮಾನ: ಇದು ಚೆನ್ನಾಗಿದೆಯೋ, ಬರೀ ಜೋರಾಗಿದೆಯೋ?

ಅದನ್ನು ಹೇಳಬಲ್ಲವರು ನಾಲ್ಕು ತಾಲ್ಲೂಕಿಗೆ ಒಬ್ಬರೇ. ಬಿರುಕಿನ ಸುದ್ದಿಯನ್ನು ನಾನು ಸಾಕಷ್ಟು ಒಗ್ಗರಣೆ ಹಾಕಿ ಹರಡಿದ್ದೆ, ಅದು ಬೇರೆ ಮಾತು. ಆಚಾರ್ರಿಗೆ ಕರೆ ಬರತೊಡಗಿತು. ಎಲೆಅಡಿಕೆ, ತೆಂಗಿನಕಾಯಿ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಪಾಂಡವಪುರದ ಕಂಟ್ರಾಕ್ಟರೊಬ್ಬರು ಸಾವಿರ ವ್ಯಾಟ್ ಎಂಬ ಚೀಟಿ ಅಂಟಿಸಿದ, ಹಾಡಿದಂತೆಲ್ಲ ಕೆಂಪು ಹಸಿರು ದೀಪ ಕುಣಿಯುವ ಸೆಟ್ಟು ತಂದಿದ್ದರು. ಆಚಾರ್ರು ಒಳಗೆ ಹೋದವರೇ ಅಂದರು: "ಮೊದ್ಲು ದೀಪ ಆರಿಸಿ ಸ್ವಾಮಿ, ನಂಗೆ ಕೇಳಿಸ್ತಾ ಇಲ್ಲ." ಆರಿಸಿದರು. ಎರಡು ನಿಮಿಷ ಕೇಳಿದರು. "ನಿಮ್ ಮನೆ ಬಲ್ಬು ನಲವತ್ತು. ಇದು ನಿಜವಾಗ್ಲೂ ಸಾವಿರ ಆಗಿದ್ರೆ ಇಷ್ಟೊತ್ಗೆ ಬೀದಿ ಟ್ರಾನ್ಸ್‌ಫಾರ್ಮರು ಬೆಂದೋಗ್ಬೇಕಾಗಿತ್ತು. ಒಳ್ಳೇ ದೀಪ ತಂದಿದ್ದೀರಿ. ಜೊತೇಲಿ ಒಂದ್ ರೇಡಿಯಾನೂ ಕೊಟ್ಟವ್ರೆ."

ಅವರ ಪರೀಕ್ಷೆಗೆ ಒಂದು ಕ್ರಮವಿತ್ತು. ಮೊದಲು ಡಬ್ಬದ ತಲೆಯ ಮೇಲೆ ಒಂದು ಹಿಡಿ ರಾಗಿ ಹರಡುವರು. ಹಾಡು ಹಾಕಿದಾಗ ರಾಗಿ ಕುಣಿದರೆ ಡಬ್ಬ ಕೆಟ್ಟದ್ದು. "ಸದ್ದು ಬಾಯಿಂದ ಬರ್ಬೇಕು, ಮೈ ನಡುಗ್ಬಾರ್ದು. ಮೈ ನಡುಗಿಸ್ಕಂಡು ಮಾತಾಡೋನ್ನ ನಂಬ್ತೀರಾ ನೀವು?" ರಾಗಿ ಕದಲದಿದ್ದರೆ ಎರಡನೇ ಪರೀಕ್ಷೆ. ಅದಕ್ಕಾಗಿ ನನ್ನಿಂದಲೇ ತುಂಬಿಸಿಕೊಂಡ ಒಂದು ಕ್ಯಾಸೆಟ್ಟು ಅವರ ಚೀಲದಲ್ಲಿತ್ತು. ಅದರಲ್ಲಿ ಹಾಡಿರಲಿಲ್ಲ.

"ಹಾಡನ್ನ ನಾನು ಯಾವತ್ತೂ ಎದುರಿಗೆ ಕುಂತು ಕೇಳಿಲ್ಲ ಮೋಹನಪ್ಪ. ಹಾಡೋ ಆಯಮ್ಮನ ನಿಜವಾದ ದನಿ ಎಂಗದೆ ಅಂತ ನಂಗೇನ್ಗೊತ್ತು? ಗೊತ್ತಿಲ್ದೇ ಇರೋದನ್ನ ಇಟ್ಕಂಡು ಅಳೆಯಕ್ಕಾದದ? ನಂಗೆ ಗೊತ್ತಿರೋ ಸದ್ದು ತುಂಬ್ಸಿ ಕೊಡಿ."

ನನ್ನಲ್ಲಿ ದುಬೈಯಿಂದ ಬಂದ, ಎಡಬಲಕ್ಕೆ ಎರಡು ಮೈಕುಗಳಿದ್ದ ಟೇಪ್ ರೆಕಾರ್ಡರ್ ಇತ್ತು. ಅದನ್ನು ಹೊತ್ತು ಹೊಣಕೆರೆಗೆ ಹೋದೆ. ಮೊದಲು ಅವರ ಹೆಂಡತಿ ನಾಗಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುವ ಸದ್ದು. ಸಣ್ಣ ಸದ್ದುಗಳಿಗೆ ಅದು ಅಳತೆ. ಕೊನೆಗೆ, ಆಚಾರ್ರ ತಂದೆ ಮಾಡಿದ ಕಡೆಯ ಮರದ ಗಾಡಿ. ನರಸಯ್ಯ ಎಂಬ ರೈತರ ಕೊಟ್ಟಿಗೆಯಲ್ಲಿ ಮೂಲೆ ಸೇರಿದ್ದ ಅದನ್ನು ಹೊರಗೆಳೆಸಿ, ಎತ್ತು ಹೂಡಿಸಿ, ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತಿದ್ದ ನನ್ನ ಎಡಗಡೆಯಿಂದ ಬಲಗಡೆಗೆ ಓಡಿಸಿದರು. ನಡುವೆ ನಾವು ಬಯಸದಿದ್ದ ಒಂದು ಸದ್ದೂ ಸೇರಿಕೊಂಡಿತು. ಟೇಪು ಓಡುತ್ತಿರುವುದು ತಿಳಿಯದೆ ನಾಗಲಕ್ಷ್ಮಮ್ಮ ಒಳಗಿನಿಂದ ಕೂಗಿದ್ದರು: "ಮುದ್ದೆ ಆರೋಯ್ತಾ ಅದೆ, ಬತ್ತೀರೋ ಇಲ್ವೋ?" ಅಳಿಸಲು ಹೋದರೆ ಆಚಾರ್ರು ಬಿಡಲಿಲ್ಲ. ಸೆಟ್ಟಿನಲ್ಲಿ ಆ ಮಾತು ಕೇಳಿದಾಗ ತಮಗೆ ಕೂತಲ್ಲಿಂದ ಏಳಬೇಕೆನಿಸಿದರೆ ಮಾತ್ರ ಸೆಟ್ಟು ಪಾಸು ಎಂದರು. ನಾಲ್ಕು ತಾಲ್ಲೂಕುಗಳ ಸೆಟ್ಟುಗಳ ಮುಂದೆ ನಾಲ್ಕು ವರ್ಷ ಕೂತರು. ಒಂದು ಸಾರಿಯೂ ಏಳಲಿಲ್ಲ.

ಇಂಥ ಮಹಾನುಭಾವರು ಬೇಕಾದ ಸಂದರ್ಭ ಹೀಗೆ ಒದಗಿತು.

ಮಾಕವಳ್ಳಿ ಪಕ್ಕದ ಆ ಊರಿನಲ್ಲಿ ಚೌಡಯ್ಯ ಎಂಬ ಗೌಡರಿದ್ದರು. ಅವರು ತೀರಿಕೊಂಡ ಮರುವರ್ಷ ಮಕ್ಕಳು ರಂಗಸ್ವಾಮಿ, ರವೀಂದ್ರ ಪಾಲಾದರು. ಗದ್ದೆ, ಕಬ್ಬಿನ ಹೊಲ, ತೆಂಗಿನ ಮರ, ಎಮ್ಮೆ, ಕಡೆಗೆ ಒನಕೆಯೂ ಪಾಲಾಯಿತು. ಉಳಿದದ್ದು ತಂದೆ ತಂದಿದ್ದ ಸ್ಟೀರಿಯೋ ಸೆಟ್ಟು. ಪಂಚಾಯ್ತಿಗೆ ಕೂತ ಹಿರಿಯರು ಅದನ್ನು ನೋಡಿ ಖುಷಿಪಟ್ಟರು. "ಮಕ್ಳು ಇಬ್ರು, ಡಬ್ಬ ಎರಡು. ಕಂಪನಿಯೋರಿಗೆ ಮೊದ್ಲೇ ಗೊತ್ತಿತ್ತು ಕಣ್ರಲಾ, ಪಾಲಾಯ್ತದೆ ಅಂತ!" ಎಂದು ಒಬ್ಬರು ಹೇಳಿದರಂತೆ. ಎಡಗಡೆ ಡಬ್ಬ ಅಣ್ಣನ ಕೋಣೆಗೆ, ಬಲಗಡೆಯದು ತಮ್ಮನ ಕೋಣೆಗೆ. ಹಾಡುವ ಯಂತ್ರ ನಡುಮನೆಯಲ್ಲಿ, ತಾಯಿ ಚಿಕ್ಕಬೋರಮ್ಮನವರ ಉಸ್ತುವಾರಿಯಲ್ಲಿ. ಇಷ್ಟು ಅಚ್ಚುಕಟ್ಟಾದ ಪಾಲು ನಮ್ಮ ಸೀಮೆಯಲ್ಲಿ ಹಿಂದೆ ಆಗಿರಲಿಲ್ಲ.

ಒಂದು ವಾರಕ್ಕೆ ರವೀಂದ್ರ ಸೈಕಲ್ ಕ್ಯಾರಿಯರಿನಲ್ಲಿ ಡಬ್ಬ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ.

"ಮೋಹನಣ್ಣ, ನನ್ ಡಬ್ಬದಲ್ಲಿ ಹಾಡೋಳೇ ಇಲ್ಲ. ಗಂಡ್ಸೊಬ್ನೇ ಒದ್ರಾಡ್ತಾನೆ. ಯಾರೂ ಏನೂ ಕೇಳ್ದೇ ಇದ್ರೂ 'ಊ ಕಣೆ, ಊ ಕಣೆ' ಅಂತಾನೆ. ನನ್ ಹೆಂಡ್ತಿ ಸುನಿತಾ ನಗ್ತಾ ಅವ್ಳೆ. ಅಣ್ಣ ಏನೋ ಮಾಡ್ಬುಟ್ಟವ್ನೆ."

ಮಾರನೇ ದಿನ ರಂಗಸ್ವಾಮಿ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದ.

"ನನ್ ಡಬ್ಬದಲ್ಲಿ ಆವಮ್ಮ ಕೇಳ್ತಾನೇ ಅವ್ಳೆ, ಕೇಳ್ತಾನೇ ಅವ್ಳೆ, ಯಾವ್ ನನ್ಮಗ್ನೂ ಉತ್ರ ಕೊಡಕಿಲ್ಲ. ತಾಳ ಇಲ್ಲ, ತಬಲ ಇಲ್ಲ. ಗಟ್ಟಿ ಸಾಮಾನೆಲ್ಲ ಅವನ ಡಬ್ಬಕ್ಕೇ ಓಗ್ಬುಟ್ಟದೆ ಕಣಯ್ಯ."

ಎರಡು ಡಬ್ಬಗಳೂ ಆರೋಗ್ಯವಾಗಿದ್ದವು. ಅವು ಜೊತೆಗಿರಬೇಕಾದವು, ಒಂದು ಹಾಡನ್ನು ಎರಡು ಡಬ್ಬ ಹಂಚಿಕೊಂಡು ಹಾಡುತ್ತವೆ ಎಂದು ಇಬ್ಬರಿಗೂ ಹೇಳಿದೆ. ಅಣ್ಣ, ನೀನು ತಮ್ಮನ ಕಡೆಯವನು ಎಂದ. ತಮ್ಮ, ಅಣ್ಣ ನಿನ್ನ ಅಂಗಡಿಯಲ್ಲಿ ಕಾಫಿ ಕುಡಿದದ್ದು ನನಗೆ ಗೊತ್ತು ಎಂದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದರ ಹಿಂದೆ ಒಂದು ಗೋಡೆ ಕಾದಿತ್ತು. ಪಾಲಾದ ಮೇಲೆ ನಡುಮನೆಯ ನಟ್ಟನಡುವೆ ಗೋಡೆ ಏಳಬೇಕೆಂದು ತೀರ್ಮಾನವಾಗಿತ್ತು. ಇಟ್ಟಿಗೆ ಬಂದು ಬಿದ್ದಿತ್ತು, ಗಾರೆ ಕೆಲಸದ ಕುಳ್ಳಯ್ಯ ಸುಣ್ಣದ ಗೆರೆ ಎಳೆದಿದ್ದ. ಅಷ್ಟರಲ್ಲಿ ಅಣ್ಣತಮ್ಮಂದಿರು ಹೊಸ ತಕರಾರು ತೆಗೆದರು: ಯಾರಿಗೆ ಕೆಟ್ಟ ಡಬ್ಬ ಬಂದಿದೆಯೋ ಅವರಿಗೆ ನಡುಮನೆಯಲ್ಲಿ ಎರಡು ಮೊಳ ಜಾಗ ಹೆಚ್ಚು ಸಿಗಬೇಕು. ಗೋಡೆ ಆ ಕಡೆಗೋ ಈ ಕಡೆಗೋ ಸರಿಯಬೇಕು. ಯಾವ ಡಬ್ಬ ಕೆಟ್ಟದ್ದು ಎಂದು ತೀರ್ಪಾಗುವವರೆಗೆ ಕುಳ್ಳಯ್ಯ ಕರಣೆ ಮುಟ್ಟುವಂತಿರಲಿಲ್ಲ. ಆಚಾರ್ರು ಹೇಳಿದ ಹಾಗೆ ಕೇಳುತ್ತೇವೆ ಎಂದು ಇಬ್ಬರೂ ಒಪ್ಪಿದರು. ಗಾಡಿ ಚಕ್ರಕ್ಕೂ ಸುಳ್ಳು ಹೇಳದ ಬಾಯಿ ಅದು ಎಂದು ಊರಿಗೆಲ್ಲ ಗೊತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ, ಕರೆಂಟು ಇರುವ ಹೊತ್ತು ನೋಡಿಕೊಂಡು, ನ್ಯಾಯಮೂರ್ತಿಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಬಾಗಿಲಲ್ಲೇ ಚಿಕ್ಕಬೋರಮ್ಮ ಸಿಕ್ಕಿದರು. ಒಣಗಿದ ಹುಣಸೆಹಣ್ಣಿನಂಥ ಸಣ್ಣ ಮುದುಕಿ. ಕಾಲು ತೊಳೆಯಲು ನೀರು ಕೊಟ್ಟು, ಒಳಗಿನವರಿಗೆ ಕೇಳದಂತೆ ದನಿ ತಗ್ಗಿಸಿದರು.

"ಆಚಾರ್ರೆ, ನಿಧಾನಕ್ಕೆ ಕೇಳಿ. ಇವತ್ತೇ ತೀರ್ಪು ಏಳ್ಬ್ಯಾಡಿ. ಮದ್ವೆಯಾಗಿ ಬಂದ ದಿವ್ಸದಿಂದ ಆ ನಡುಮನೇಲೇ ನನ್ ಚಾಪೆ. ಗೋಡೆ ಎದ್ಮೇಲೆ ನನ್ ಚಾಪೆ ಯಾವ್ ಕಡೀಕೆ ಆಸ್ಲಿ ಅಂತ ಇಬ್ರನ್ನೂ ಕೇಳ್ದೆ. ಇಬ್ರೂ ಎದ್ದು ಎಮ್ಮೆ ಕಟ್ಟಕ್ಕೆ ಒಂಟೋದ್ರು."

ಆಚಾರ್ರು ಕಾಲು ತೊಳೆದುಕೊಂಡರು. "ಅವ್ವ, ಇದ್ದದ್ದನ್ನ ಇಲ್ಲ ಅನ್ನಕ್ಕೆ ನಂಗೆ ಬರಾಕಿಲ್ಲ," ಎಂದರು. ಮುದುಕಿಯ ಮುಖ ಇನ್ನಷ್ಟು ಚಿಕ್ಕದಾಯಿತು. ನನಗೆ ಸ್ಕೂಟರು ತಿರುಗಿಸಿ ಓಡಿಬಿಡೋಣ ಅನಿಸಿತು.

ನಡುಮನೆಯಲ್ಲಿ ಊರಿನ ಅರ್ಧ ಕೂಡಿತ್ತು. ಸುಣ್ಣದ ಗೆರೆಯ ಆ ಕಡೆ ರಂಗಸ್ವಾಮಿ, ಅವನ ಹೆಂಡತಿ ಜಯಲಕ್ಷ್ಮಮ್ಮ. ಈ ಕಡೆ ರವೀಂದ್ರ, ಸುನಿತಾ. ಕುಳ್ಳಯ್ಯ ಇಟ್ಟಿಗೆಯ ರಾಶಿಯ ಮೇಲೆ ಕೂತು ಬೀಡಿ ಹಚ್ಚಿದ್ದ. ಗೆರೆಯ ಮೇಲೆ ಸರಿಯಾಗಿ ಚಿಕ್ಕಬೋರಮ್ಮನ ಚಾಪೆ.

ಮೊದಲು ಅಣ್ಣನ ಕೋಣೆ. ಡಬ್ಬ ರಾಗಿ ಪೆಟ್ಟಿಗೆಯ ಮೇಲೆ ಸಿಂಹಾಸನಾರೂಢವಾಗಿತ್ತು. ಆಚಾರ್ರು ರಾಗಿ ಹರಡಿದರು, ನಾನು ನಡುಮನೆಯಲ್ಲಿ ಹಾಡು ಹಾಕಿದೆ. ರಾಗಿ ಸ್ವಲ್ಪ ಕುಣಿಯಿತು. ಪೆಟ್ಟಿಗೆಯಿಂದ ಇಳಿಸಿ ನೆಲಕ್ಕಿಟ್ಟರು. ಒಂದು ಕಾಳೂ ಕದಲಲಿಲ್ಲ. ಆಮೇಲೆ ತಮ್ಮನ ಕೋಣೆ. ಬಾಗಿಲ ಹಿಂದೆ ಗೊಡ್ಡೆಮ್ಮೆಯಂತೆ ನಿಂತಿದ್ದ ಡಬ್ಬವನ್ನು ಈಚೆಗೆಳೆದು ರಾಗಿ ಹರಡಿದರು. ಅಲ್ಲೂ ಕದಲಲಿಲ್ಲ.

"ಯಾವುದು ಕೆಟ್ಟದ್ದು ಅಂತ ಏಳಿ ಆಚಾರ್ರೆ," ಎಂದ ರಂಗಸ್ವಾಮಿ.

"ಎರಡನ್ನೂ ನಡುಮನೆಗೆ ತನ್ನಿ."

"ಅದೆಂಗಾಯ್ತದೆ? ನನ್ ಪಾಲಿಂದು ನನ್ ಕೋಣೇಲಿರ್ಬೇಕು," ಎಂದ ರವೀಂದ್ರ.

"ಒಂದೇ ಚಕ್ರ ತೋರ್ಸಿ ಗಾಡಿ ಎಂಗದೆ ಏಳು ಅಂದ್ರೆ ಏನೇಳ್ಲಪ್ಪ? ತರಕ್ಕಾದ್ರೆ ತನ್ನಿ, ಇಲ್ದಿದ್ರೆ ನನ್ ಕಾಯಿ ಕೊಟ್ಟು ಕಳ್ಸಿ."

ತಂದರು. ಇಬ್ಬರೂ ಸ್ವಂತ ಮಗುವನ್ನು ಆಸ್ಪತ್ರೆಗೆ ತಂದ ಹಾಗೆ ಎದೆಗವಚಿಕೊಂಡು ತಂದರು. ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಕಣ್ಣುಮುಚ್ಚಿ ನೋಡಬಲ್ಲೆ. ಆಚಾರ್ರು ಕುಳ್ಳಯ್ಯನನ್ನು ಇಟ್ಟಿಗೆಯಿಂದ ಎಬ್ಬಿಸಿ, ಕೂತವರ ಕಿವಿಯ ಎತ್ತರಕ್ಕೆ ಎರಡು ಕಡೆ ಇಟ್ಟಿಗೆ ಪೇರಿಸಿ ಡಬ್ಬ ಕೂರಿಸಿದರು. "ಗೋಡೆ ಇಟ್ಗೆ ಅದು!" ಎಂದು ಕುಳ್ಳಯ್ಯ ಗೊಣಗಿದ. ಯಾರೂ ಕೇಳಲಿಲ್ಲ. ಮೊಳಕೋಲು ತೆಗೆದು ಡಬ್ಬದಿಂದ ಡಬ್ಬಕ್ಕೆ ಅಳೆದರು. ಅಷ್ಟೇ ಉದ್ದವನ್ನು ಎರಡು ಡಬ್ಬಗಳಿಂದಲೂ ಈಚೆಗೆ ಅಳೆದು, ಕಾವಿ ಹತ್ತಿದ ದಾರ ಎಳೆದು ಹಿಡಿದು 'ಫಟ್' ಎಂದು ಮೀಟಿದರು. ನೆಲದ ಮೇಲೆ ಕೆಂಪು ಗೆರೆ. ಇನ್ನೊಂದು 'ಫಟ್'. ಎರಡು ಕೆಂಪು ಗೆರೆಗಳು ಕೂಡಿದ ಜಾಗ ಚಿಕ್ಕಬೋರಮ್ಮನ ಚಾಪೆಯ ಮೇಲೆ ಬಿತ್ತು. ಮುದುಕಿ ಗಾಬರಿಯಾಗಿ ಏಳಲು ಹೋದರು.

"ಅವ್ವ, ಅಲ್ಲಾಡ್ಬ್ಯಾಡಿ. ಕುಂತಿರಿ," ಎಂದು ಆಚಾರ್ರು ಅವರ ಬೆನ್ನ ಹಿಂದೆಯೇ ಕೂತರು.

ನಾನು ಅಣ್ಣತಮ್ಮಂದಿರ ಜಗಳದ ಹಾಡನ್ನೇ ಹಾಕಿದೆ. ಸಿನಿಮಾದ ಜೋಡಿಹಾಡು. ಆವಮ್ಮ ಎಡದಿಂದ ಕೇಳಿದಳು. ಅವನು ಬಲದಿಂದ ಓಗೊಟ್ಟ. ಮುಂದಿನ ಸಾಲಿಗೆ ಇಬ್ಬರೂ ಸೇರಿ ಹಾಡಿದಾಗ ದನಿ ಡಬ್ಬದಲ್ಲೇ ಇರಲಿಲ್ಲ. ಡಬ್ಬಗಳ ನಡುವಿನ ಬರಿಗಾಳಿಯಲ್ಲಿ, ಕುಳ್ಳಯ್ಯನ ಸುಣ್ಣದ ಗೆರೆಯ ಮೇಲೆ, ಇಬ್ಬರೂ ಎದ್ದು ನಿಂತು ಹಾಡುತ್ತಿದ್ದರು. ಕ್ಯಾಸೆಟ್ಟು ಮಾರುವ ನಾನೇ ಆ ಜಾಗವನ್ನು ಎರಡು ಸಾರಿ ನೋಡಿದೆ.

"ಅಯ್ಯೋ ನಮ್ಮವ್ವ!" ಎಂದು ಜಯಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಈಕೆ ಕೇಳಿದ್ಕೆ ಅವನು ಸುನಿತಾನ ಕೋಣೇಲಿ ಉತ್ರ ಕೊಡ್ತಾ ಇದ್ನಾ!"

"ಮತ್ತೆ ನಮ್ಗೆ ಅವನೊಬ್ನೇ ಉಚ್ಚನಂಗೆ ಕಾಣ್ತಿದ್ದ ಕಣಕ್ಕ," ಎಂದಳು ಸುನಿತಾ. ಪಾಲಾದ ಮೇಲೆ ಆ ಓರಗಿತ್ತಿಯರು ಆಡಿದ ಮೊದಲ ಮಾತು ಅದು.

ಆಚಾರ್ರು ಚೀಲದಿಂದ ತಮ್ಮ ಕ್ಯಾಸೆಟ್ಟು ತೆಗೆದುಕೊಟ್ಟರು. ಮೊದಲು ಮೊರದ ಸದ್ದು. ರಾಗಿ ಕಾಳು ಒಂದೊಂದೇ ಬಿದಿರಿನ ಮೇಲೆ ಜಾರುವುದು, ಹೊಟ್ಟು ಹಾರುವುದು. ಮುಂದೆ ಕೂತಿದ್ದ ಒಬ್ಬ ಹೆಂಗಸು ಕಣ್ಣಿಗೆ ಹೊಟ್ಟು ಬಿದ್ದೀತೆಂದು ಕೈ ಅಡ್ಡ ಹಿಡಿದಳು. ಆಮೇಲೆ ನಾಗಲಕ್ಷ್ಮಮ್ಮ: "ಮುದ್ದೆ ಆರೋಯ್ತಾ ಅದೆ, ಬತ್ತೀರೋ ಇಲ್ವೋ?"

ಆಚಾರ್ರು ದಡಕ್ಕನೆ ಎದ್ದು ನಿಂತರು.

ನಾಲ್ಕು ತಾಲ್ಲೂಕು, ನಾಲ್ಕು ವರ್ಷ. ಎದ್ದು ನಿಂತವರು ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರಾಡುತ್ತಿತ್ತು. ಮಾತಾಡಲು ಹೊತ್ತು ಸಿಗಲಿಲ್ಲ, ಏಕೆಂದರೆ ಆಗ ಗಾಡಿ ಬಂತು.

ಎಡಗಡೆ, ರಂಗಸ್ವಾಮಿಯ ಕೋಣೆಯ ಆಚೆ ಎಲ್ಲೋ ದೂರದಲ್ಲಿ 'ಕಡಕ್' ಎಂದಿತು. ಹಳೆಯ ತಲೆಗಳೆಲ್ಲ ಒಟ್ಟಿಗೆ ಅತ್ತ ತಿರುಗಿದವು. 'ಕಡಕ್, ಕಡಕ್.' ಹತ್ತಿರಾಯಿತು. ಎತ್ತಿನ ಗೊರಸು, ಕೊರಳ ಗಂಟೆ, ನೊಗದ ಕಿರುಗುಟ್ಟು. ಗಾಡಿ ಗೋಡೆಯಿಂದ ಹೊರಬಂದು ನಡುಮನೆಗೆ ಇಳಿಯಿತು. ಮುಂದಿದ್ದ ಇಬ್ಬರು ಹಿಂದಕ್ಕೆ ಸರಿದರು. ಹೋಗಲಿ, ಸುಳ್ಳೇಕೆ, ನಾನೂ ಸರಿದೆ. ಗಾಡಿ ಸುಣ್ಣದ ಗೆರೆ ದಾಟುವ ಹೊತ್ತಿಗೆ ಚಿಕ್ಕಬೋರಮ್ಮ ಚಾಚಿದ್ದ ಕಾಲುಗಳನ್ನು ತಟ್ಟನೆ ಮಡಚಿ ಸೆರಗಿನೊಳಗೆ ಎಳೆದುಕೊಂಡರು, ಚಕ್ರ ಹತ್ತಿಬಿಟ್ಟೀತೆಂದು. ಗಾಡಿ ಅವರ ಮುಂದೆ ಹಾದು, ರವೀಂದ್ರನ ಬಾಗಿಲು ಹೊಕ್ಕು, 'ಕಡಕ್... ಕಡಕ್...' ಎನ್ನುತ್ತ ಕಬ್ಬಿನ ಗದ್ದೆಯ ಕಡೆ ಹೋಗಿ ಮರೆಯಾಯಿತು. ಕ್ಯಾಸೆಟ್ಟು ಖಾಲಿ ಓಡುವ 'ಸ್ಸ್' ಮಾತ್ರ ಉಳಿಯಿತು.

ಕುಳ್ಳಯ್ಯನ ಬೀಡಿ ಬೆರಳವರೆಗೆ ಉರಿದು ಅವನು "ಸ್ ಅಮ್ಮಾ" ಎಂದಾಗಲೇ ನಮಗೆ ಭೂಮಿ ಸಿಕ್ಕಿದ್ದು. ಚಿಕ್ಕಬೋರಮ್ಮ ಇನ್ನೂ ಕಾಲು ಬಿಟ್ಟಿರಲಿಲ್ಲ.

"ಓಯ್ತಾ?" ಎಂದರು ಮೆಲ್ಲಗೆ.

"ಓಯ್ತು ಕಣವ್ವ, ಕಾಲ್ ಬುಡು," ಎಂದ ರಂಗಸ್ವಾಮಿ.

ಆಚಾರ್ರು ದಾರ ಸುತ್ತುತ್ತ ತೀರ್ಪು ಹೇಳಿದರು. "ಗೌಡ್ರೆ, ಡಬ್ಬದಲ್ಲಿ ಮೇಲು ಕೀಳು ಇಲ್ಲ. ಇಂಥ ಸೆಟ್ಟು ನಾನು ಕೇಳೇ ಇಲ್ಲ, ನಿಮ್ಮಪ್ಪಾರ ಕಿವಿಗೆ ಕೈ ಮುಗೀಬೇಕು. ಆದ್ರೆ ಇದ್ರ ಮೂರ್ನೇ ಡಬ್ಬ ಒಂದದೆ. ಅದನ್ನ ನೀವು ಪಾಲಲ್ಲಿ ಬರ್ಸಿಲ್ಲ."

"ಎಲ್ಲದೆ ಮೂರ್ನೇದು?" ಎಂದ ರವೀಂದ್ರ, ಇನ್ನೊಂದು ಪಾಲು ತಪ್ಪಿತೆಂಬ ಗಾಬರಿಯಲ್ಲಿ.

"ಇದೇ, ನಡುವೆ ಇರೋ ಈ ಖಾಲಿ ಜಾಗ. ಹಾಡು ಏಳೋದು ಇಲ್ಲಿ. ಗಾಡಿ ಓಗಿದ್ದು ಇಲ್ಲಿ. ಗೋಡೆ ಎತ್ತೋದಾದ್ರೆ ಎತ್ತಿ, ಅದು ನಿಮ್ ಮನೆ ವಿಚಾರ. ಎತ್ತಿದ್ರೆ ಎರಡು ಡಬ್ಬಾನೂ ಕೆಟ್ಟದ್ದೇ. ಒಬ್ರಿಗೊಬ್ರು ಎರಡೆರಡು ಮೊಳ ಜಾಗ ಕೊಡ್ಬೇಕಾಯ್ತದೆ, ಲೆಕ್ಕ ಹಾಕ್ಕಳಿ."

ಇಬ್ಬರೂ ನಿಜವಾಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು, ನಾನು ಕಣ್ಣಾರೆ ಕಂಡೆ. ಕುಳ್ಳಯ್ಯ ಕರಣೆ ಹಿಡಿದು ಎದ್ದ. "ಅಂಗಾರೆ ಗೋಡೆ ಎಲ್ಲಿಂದ ಎತ್ಲಿ? ಕಲ್ಸಿದ ಗಾರೆ ಗಟ್ಟಿಯಾಯ್ತಾ ಅದೆ."

ಪಾಲಾದ ಮನೆಯಲ್ಲಿ ಗೋಡೆಯೇ ಏಳದಿದ್ದರೆ ಊರು ನಗುತ್ತದೆ. ಎದ್ದರೆ ಗಾಡಿ ನಿಲ್ಲುತ್ತದೆ. ರಂಗಸ್ವಾಮಿ ತಾಯಿಯ ಕಾಲುಗಳನ್ನು ನೋಡಿದ. ತಲೆ ಕೆರೆದುಕೊಂಡ. ತಮ್ಮನ ಮುಖ ನೋಡದೆ, ಮೇಲಿನ ತೊಲೆಯನ್ನು ನೋಡುತ್ತ ಅಂದ: "ಕೊಟ್ಟಿಗೇಲಿ ಎತ್ತು."

ರವೀಂದ್ರನೂ ತೊಲೆಗೇ ಹೇಳಿದ: "ಊ, ಕೊಟ್ಟಿಗೇಲೇ ಎತ್ತು. ಎಮ್ಮೆ ಪಾಲಾಗವೆ, ಅಲ್ ಬೇಕೇ ಬೇಕು."

ಚಿಕ್ಕಬೋರಮ್ಮ ಆಗ ನಿಧಾನವಾಗಿ, ಒಂದಾದ ಮೇಲೆ ಒಂದು, ಕಾಲು ಚಾಚಿದರು.

ಹಾಗೆ ಗೋಡೆ ಕೊಟ್ಟಿಗೆಯಲ್ಲಿ, ಅಣ್ಣನ ಎಮ್ಮೆಗೂ ತಮ್ಮನ ಎಮ್ಮೆಗೂ ನಡುವೆ ಎದ್ದಿತು. ಒಲೆ ಎರಡಾಗಿಯೇ ಉಳಿದವು, ಅಣ್ಣತಮ್ಮಂದಿರ ನಡುವೆ ಮಾತು ನಿಂತೇ ಇತ್ತು. ಆದರೆ ಸಂಜೆಯಾದರೆ ಇಬ್ಬರೂ ತಾಯಿಯ ಎರಡು ಪಕ್ಕದಲ್ಲಿ ಬಂದು ಕೂರುತ್ತಿದ್ದರು. "ಅವ್ವ, ಸದ್ದು ಕಮ್ಮಿ ಮಾಡು ಅನ್ನು ಅವನ್ಗೆ." "ಅವ್ವ, ಕಮ್ಮಿ ಮಾಡಕಿಲ್ಲ ಅನ್ನು." ಎರಡು ದನಿಗಳ ನಡುವೆ ಮುದುಕಿ ಪೂರ್ತಿ ಹಾಡು ಕೇಳುತ್ತಿದ್ದರು.

ತಕರಾರು ಬಂದದ್ದು ಎಮ್ಮೆಗಳಿಂದ. ಕರುವಾಗಿದ್ದಾಗಿನಿಂದ ಒಂದೇ ಗೂಟದ ಅಕ್ಕಪಕ್ಕ ಬೆಳೆದವು ಅವು. ಗೋಡೆ ಎದ್ದ ದಿನದಿಂದ ಈ ಕಡೆಯದು ಕೂಗುವುದು, ಆ ಕಡೆಯದು ಓಗೊಡುವುದು. ಹಾಲು ಅರ್ಧಕ್ಕಿಳಿಯಿತು. ಹತ್ತನೇ ದಿನ ರಂಗಸ್ವಾಮಿ ಅಂಗಡಿಗೆ ಬಂದು, ದನದ ಡಾಕ್ಟರಿಗೆ ಗೊತ್ತಾಗಲಿಲ್ಲ, ಆಚಾರ್ರನ್ನು ಕರೆದುಕೊಂಡು ಬಾ ಎಂದ. ಕರೆದೊಯ್ದೆ. ಆಚಾರ್ರು ಗೋಡೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಎಮ್ಮೆಗಳು ಗೋಡೆ ನಡುಗುವ ಹಾಗೆ ಕೂಗಿದವು.

"ಎರಡು ಸಾಲು ಇಟ್ಗೆ ಇಳ್ಸಿ," ಎಂದರು ಕಡೆಗೆ. "ಮುಖ ಕಂಡ್ರೆ ಸಾಕು ಇವುಕ್ಕೆ."

ಕುಳ್ಳಯ್ಯ ಶಪಿಸುತ್ತ ಇಳಿಸಿದ. ಎಮ್ಮೆಗಳು ಗೋಡೆಯ ಮೇಲೆ ಗದ್ದ ಇಟ್ಟುಕೊಂಡು ಮೂಸಿಕೊಂಡವು. ಅಂದು ಸಂಜೆ ನಾವು ಹೊರಡುವ ಹೊತ್ತಿಗೆ ಅಣ್ಣತಮ್ಮಂದಿರು ತಂತಮ್ಮ ಕಡೆ ಕುಕ್ಕರಿಸಿ ಹಾಲು ಕರೆಯುತ್ತಿದ್ದರು. ಎರಡು ಕಡೆಯಿಂದಲೂ 'ಸೊರ್, ಸೊರ್'. ಆಚಾರ್ರು ಸ್ಕೂಟರು ಹತ್ತದೆ, ಒಂದು ಕಾಲು ಎತ್ತಿದವರು ಹಾಗೇ ನಿಂತರು.

"ನಿಂದು ಎಷ್ಟು ಕೊಡ್ತ್ಲಾ?" ಎಂದಿತು ಗೋಡೆಯ ಆ ಕಡೆಯಿಂದ ರಂಗಸ್ವಾಮಿಯ ದನಿ. ಈ ಸಾರಿ ತಾಯಿಗೂ ಹೇಳಿರಲಿಲ್ಲ, ತೊಲೆಗೂ ಹೇಳಿರಲಿಲ್ಲ.

ಈ ಕಡೆ ಒಂದು ಗಳಿಗೆ 'ಸೊರ್' ನಿಂತಿತು. "ನಿನ್ದುಕಿಂತ ಜಾಸ್ತಿನೇ, ಬುಡಣ್ಣ."

"ಸುಳ್ ಬೊಗಳ್ಬ್ಯಾಡ ಕಣ್ಲಾ. ಚೆಂಬಿನ ಸದ್ದು ಕೇಳ್ತಾ ಇವ್ನಿ. ಅರ್ಧಾನೂ ತುಂಬಿಲ್ಲ."